ಬಿಲ್ಲಿನ ಸದ್ದು ಅಡಗಿಸುವ ಕೆಲಸ

ನ್ಯೂಜಿಲೆಂಡಿನ ಟೌರಂಗಾದಲ್ಲಿ ನಮ್ಮ ಕನ್ನಡದವರು ಊಟಕ್ಕೆ ಸೇರಿದಾಗ ಹೊಸದಾಗಿ ಬಂದ ಹುಡುಗ ಹುಡುಗಿಯರು ನನ್ನನ್ನು ಕೇಳುವುದುಂಟು: 'ಅಂಕಲ್, ರಿಟೈರ್ ಆಗೋಕೆ ಮುಂಚೆ ಏನ್ ಮಾಡ್ತಿದ್ರಿ?' ನಾನು 'ಬಿಲ್ಲಿನ ಕೆಲಸ' ಎನ್ನುತ್ತೇನೆ. 'ಹಾಸ್ಪಿಟಲ್ ಬಿಲ್ಲಿಂಗಾ?' ಎಂದು ಮರುಪ್ರಶ್ನೆ ಬರುತ್ತದೆ. ನನ್ನ ಹೆಂಡತಿ ಸುಜಾತಾ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಎಂಬುದು ಎಲ್ಲರಿಗೂ ಗೊತ್ತು, ಹಾಗಾಗಿ ಆ ಊಹೆ ತಪ್ಪೇನಲ್ಲ. ಅಲ್ಲಪ್ಪಾ, ಬಾಣ ಬಿಡುವ ಬಿಲ್ಲು ಎಂದ ಮೇಲೆ ಅವರು ನನ್ನ ತಟ್ಟೆಯ ಕಡೆ ನೋಡುತ್ತಾರೆ. ತಟ್ಟೆಯಲ್ಲಿ ಬಿಸಿಬೇಳೆಬಾತು ಇರುತ್ತದೆ.

ಬೇಟೆ ಮತ್ತು ಮೀನು ಹಿಡಿಯುವ ಸಾಮಾನು ಮಾರುವ ಒಂದು ಅಂಗಡಿಯ ಹಿಂಭಾಗದ ವರ್ಕ್‌ಶಾಪಿನಲ್ಲಿ ನಾನು ಹದಿನೇಳು ವರ್ಷ ಇದ್ದೆ. ಕಾಂಪೌಂಡ್ ಬಿಲ್ಲುಗಳನ್ನು ಸರಿಮಾಡುವುದು, ಅದರಲ್ಲೂ ಅವುಗಳ ಸದ್ದು ಮತ್ತು ನಡುಕವನ್ನು ಅಡಗಿಸುವುದು ನನ್ನ ಕೆಲಸ. ಈ ಕೆಲಸಕ್ಕೆ ಈಗ ಹೊಸದಾಗಿ ಬರುತ್ತಿರುವವರು ಎಲ್ಲವನ್ನೂ ವಿಡಿಯೋ ನೋಡಿ ಕಲಿಯುತ್ತಾರೆ. ಒಳ್ಳೆಯದೇ. ಆದರೆ ವಿಡಿಯೋ ಮಾಡುವವರು ತಮ್ಮ ಎಡವಟ್ಟುಗಳನ್ನು ಕತ್ತರಿಸಿ ತೆಗೆದಿರುತ್ತಾರೆ. ನಾನು ನನ್ನ ಎಡವಟ್ಟುಗಳನ್ನೇ ಹೆಚ್ಚಾಗಿ ಬರೆಯುತ್ತೇನೆ.

ಕಾಂಪೌಂಡ್ ಬಿಲ್ಲು ಎಂದರೆ ಕ್ಯಾಲೆಂಡರಿನ ದೇವರ ಕೈಯ ಬಿಲ್ಲಲ್ಲ. ಅದರ ಎರಡು ತುದಿಗಳಲ್ಲೂ ಕ್ಯಾಮ್ ಎಂಬ, ಪೂರ್ತಿ ದುಂಡಗಿರದ ಗಾಲಿಗಳಿರುತ್ತವೆ. ಹೆದೆಯ ಜೊತೆಗೆ ಎರಡು ಕೇಬಲ್‌ಗಳು ಆ ಗಾಲಿಗಳ ಮೇಲೆ ಓಡಾಡುತ್ತವೆ. ಎಳೆಯುವಾಗ ಮೊದಲು ತೋಳು ನಡುಗುವಷ್ಟು ಬಿಗಿ, ಪೂರ್ತಿ ಎಳೆದ ಮೇಲೆ ಹಗುರ. ಬಿಟ್ಟಾಗ ಆ ಬಿಗಿಯಲ್ಲಿ ಬಹುಪಾಲು ಬಾಣಕ್ಕೆ ಹೋಗುತ್ತದೆ. ಬಾಣ ಒಯ್ಯದೆ ಬಿಟ್ಟದ್ದು ಬಿಲ್ಲಿನಲ್ಲೇ ಉಳಿದು ನಡುಕವಾಗುತ್ತದೆ, ಸದ್ದಾಗುತ್ತದೆ. ಬಾಣಕ್ಕಿಂತ ಸದ್ದು ಮೂರು ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ಜಿಂಕೆ ಆ ಸದ್ದಿಗೆ ಬೆಚ್ಚಿ, ಓಡಲು ಮೊದಲು ಮೈ ಕುಗ್ಗಿಸುತ್ತದೆ. ಆಗ ಎದೆಗೆ ತಾಗಬೇಕಾದ ಬಾಣ ಬೆನ್ನಿಗೆ ತಾಗುತ್ತದೆ, ಗಾಯಗೊಂಡ ಪ್ರಾಣಿ ಕಾಡಿನೊಳಗೆ ಹೋಗಿ ಎರಡು ದಿನ ನರಳುತ್ತದೆ. ನನ್ನ ಕೆಲಸವೆಲ್ಲ ಈ ಕಣ್ಣು ಮಿಟುಕಿಸುವಷ್ಟು ಹೊತ್ತಿಗೆ ಸಂಬಂಧಿಸಿದ್ದು.

ಮೈಸೂರಿನಲ್ಲಿ ನಾನು ಪಂಪು ತಯಾರಿಸುವ ಕಾರ್ಖಾನೆಯಲ್ಲಿದ್ದೆ. ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಯ ಮೂಳೆಗೆ ಆನಿಸಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದೆ. ಸುಜಾತಾಳಿಗೆ ಇಲ್ಲಿ ಕೆಲಸ ಸಿಕ್ಕಿ ಬಂದ ಮೇಲೆ ಆ ವಿದ್ಯೆ ಯಾರಿಗೂ ಬೇಕಾಗಲಿಲ್ಲ. ಒಂದು ವರ್ಷ ಕೀವಿ ಹಣ್ಣಿನ ಪ್ಯಾಕ್‌ಹೌಸಿನಲ್ಲಿ ಹಣ್ಣು ವಿಂಗಡಿಸಿದೆ. ಆಮೇಲೆ ಒಂದು ದಿನ ಅಂಗಡಿಯ ಕಿಟಕಿಯಲ್ಲಿ ವರ್ಕ್‌ಶಾಪಿಗೆ ಜನ ಬೇಕು ಎಂಬ ಚೀಟಿ ನೋಡಿ ಒಳಗೆ ಹೋದೆ.

ಮಾಲೀಕ ಗ್ರಹಾಂ ಮೊದಲು ಕಾಡಿನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದವನು. ಎತ್ತರದ ಆಳು, ಚಳಿಗಾಲದಲ್ಲೂ ಚಡ್ಡಿ. ಬೇಟೆಯಾಡ್ತೀಯಾ ಎಂದು ಕೇಳಿದ. ಇಲ್ಲ ಎಂದೆ. ಮಾಂಸ ತಿಂತೀಯಾ ಎಂದ. ಅದೂ ಇಲ್ಲ ಎಂದೆ. ಅವನು ಗಡ್ಡ ಕೆರೆದುಕೊಂಡ.

'ಒಳ್ಳೇದೇ ಆಯ್ತು. ಇದುವರೆಗೆ ಇಟ್ಕೊಂಡವರೆಲ್ಲ ಏಪ್ರಿಲ್‌ನಲ್ಲಿ ಗಂಡು ಜಿಂಕೆ ಕೂಗೋಕೆ ಶುರುಮಾಡಿದ ತಕ್ಷಣ ರಜಾ ಹಾಕಿ ಕಾಡಿಗೆ ಓಡಿದ್ರು. ನೀನು ಓಡಲ್ಲ' ಎಂದ.

ಕೆಲಸ ಸಿಕ್ಕಿದ್ದು ಹೀಗೆ. ಮನೆಗೆ ಬಂದ ಮೇಲೆ ಮಾತ್ರ ಮನಸ್ಸು ಹೊಯ್ದಾಡಿತು. ನಾವು ಕೊಲ್ಲುವವರಿಗೆ ಸಲಕರಣೆ ಸರಿಮಾಡಿಕೊಡಬಹುದೇ? ಸುಜಾತಾ ಆಪರೇಷನ್ ಥಿಯೇಟರಿನಲ್ಲಿ ಕೆಲಸ ಮಾಡುವವಳು, ಅವಳಿಗೆ ಇಂಥ ಗೊಂದಲಗಳಿಗೆ ಪುರಸೊತ್ತು ಕಡಿಮೆ. 'ರೀ, ಅವರು ಹೇಗಿದ್ರೂ ಹೊಡೀತಾರೆ. ನೀವು ಕೆಟ್ಟ ಬಿಲ್ಲು ಕೊಟ್ರೆ ಪುಣ್ಯ ಬರುತ್ತಾ?' ಎಂದು ಕೇಳಿ ಮಲಗಿಬಿಟ್ಟಳು. ನಾನು ಸೋಮವಾರ ಕೆಲಸಕ್ಕೆ ಹೋದೆ.

ಗ್ರಹಾಂ ನನ್ನ ವಾಸುದೇವ ಎಂಬ ಹೆಸರನ್ನು ಮೊದಲ ವಾರದಲ್ಲೇ 'ವ್ಯಾಝಾ' ಮಾಡಿದ. ಅವನ ಪಾಠ ಒಂದೇ: ಹೆದೆಯನ್ನು ಕೊನೆಗೆ ಮುಟ್ಟು. ಪುಕೆಕೊಹೆ ಎಂಬ ಊರಿನಿಂದ ಈರುಳ್ಳಿ ಬೆಳೆಯುವವನೊಬ್ಬ ಬಿಲ್ಲು ತಂದಿದ್ದ. ಹೆದೆಗೆ ನಾಲ್ಕು ರಬ್ಬರ್ ಕುಚ್ಚು, ಬಿಲ್ಲಿನ ಎರಡು ತೋಳುಗಳಿಗೆ ರಬ್ಬರ್ ಗುಂಡಿ, ಮುಂದೆ ನಡುಕ ತಡೆಯುವ ಉದ್ದನೆಯ ಸ್ಟೆಬಿಲೈಸರ್ ಕಡ್ಡಿ. ಅಂಗಡಿಯಲ್ಲಿ ಸಿಗುವುದೆಲ್ಲ ಅದರ ಮೈಮೇಲಿತ್ತು. ಆದರೂ ಬಿಟ್ಟರೆ ತಗಡಿನ ಡಬ್ಬ ಬಿದ್ದ ಹಾಗೆ ಸದ್ದು. ಗ್ರಹಾಂ ಒಂದೊಂದನ್ನೇ ಬಿಚ್ಚಿ ಮೇಜಿನ ಮೇಲಿಟ್ಟ. ಎಲ್ಲ ಬಿಚ್ಚಿದ ಮೇಲೆ ಬೆರಳ ಗೆಣ್ಣಿನಿಂದ ಬಿಲ್ಲಿನ ಮೈಯನ್ನು ಅಲ್ಲಲ್ಲಿ ಕುಟ್ಟುತ್ತ ಹೋದ. ಗುರಿ ನೋಡುವ ಸೈಟಿನ ಹತ್ತಿರ ಬಂದಾಗ ಝಿರ್ ಎಂದಿತು. ಒಂದು ಸ್ಕ್ರೂ ಸಡಿಲವಾಗಿತ್ತು. ಕಾಲು ಸುತ್ತು ತಿರುಗಿಸಿದ, ಮುಗಿಯಿತು.

ನಾನು ಕಲಿತದ್ದೂ ಅದೇ ಕ್ರಮ. ಮೊದಲು ಕುಟ್ಟಿ ನೋಡುವುದು. ಆಮೇಲೆ ಬಾಣದ ತೂಕ: ತೀರ ಹಗುರವಾದ ಬಾಣ ಬಿಲ್ಲಿನ ಬಲವನ್ನು ಪೂರ್ತಿ ಹೊತ್ತೊಯ್ಯುವುದಿಲ್ಲ. ಆಮೇಲೆ ಬಾಣ ಕೂರುವ ಜಾಗಕ್ಕೆ ಫೆಲ್ಟ್ ಬಟ್ಟೆ. ಎರಡು ಕ್ಯಾಮ್‌ಗಳೂ ಒಟ್ಟಿಗೆ ತಿರುಗುತ್ತವೆಯೇ ಎಂದು ಪರೀಕ್ಷೆ. ಕೊನೆಗೆ ಹೆದೆ. ಆಗೆಲ್ಲ ನಾವು ಪಾಸಮ್ ಎಂಬ ಇಲ್ಲಿನ ಕಾಡುಪ್ರಾಣಿಯ ತುಪ್ಪಳದ ಸಣ್ಣ ಉಂಡೆಗಳನ್ನು ಹೆದೆಗೆ ಕಟ್ಟುತ್ತಿದ್ದೆವು. ಮುಟ್ಟಲು ಮೃದು, ಸದ್ದನ್ನು ಚೆನ್ನಾಗಿ ನುಂಗುತ್ತಿತ್ತು, ಮಳೆ ಬಂದರೆ ಮಾತ್ರ ನೀರು ಕುಡಿದು ಭಾರವಾಗಿ ಬಾಣವನ್ನು ಕೆಳಗಿಳಿಸುತ್ತಿತ್ತು. ಈ ದೇಶದಲ್ಲಿ ಮಳೆ ಬಾರದ ಬೇಟೆ ಎಲ್ಲಿದೆ? ನಿಧಾನವಾಗಿ ಎಲ್ಲರೂ ರಬ್ಬರಿಗೆ ಬಂದರು.

ಆ ರಬ್ಬರೇ ನನ್ನ ದೊಡ್ಡ ತಪ್ಪಿಗೆ ಕಾರಣವಾಯಿತು. ರಬ್ಬರಿನ ಮೇಲೆ ಹಾಕುವುದೇಕೆ, ತಪ್ಪು ನನ್ನದೇ.

ನಾನು ಸೇರಿ ಎರಡು ವರ್ಷವಾಗಿತ್ತು. ಮೆರೆ ಎಂಬ, ಇಲ್ಲಿನ ಮೂಲನಿವಾಸಿ ಮಾವೊರಿ ಜನಾಂಗದ ಹೆಂಗಸು, ಶಾಲೆಯ ಬಸ್ ಓಡಿಸುವವಳು, ಹೆದೆಗೆ ಸೈಲೆನ್ಸರ್ ಹಾಕಿಸಲು ಬಿಲ್ಲು ಕೊಟ್ಟುಹೋದಳು. ಹೆದೆಯನ್ನು ಸಡಿಲಿಸಲು ಬಿಲ್ಲನ್ನು ಪ್ರೆಸ್ ಎಂಬ ಯಂತ್ರದಲ್ಲಿಟ್ಟು ಅದರ ತೋಳುಗಳನ್ನು ಒತ್ತಬೇಕು. ಒತ್ತಿದಾಗ ಕ್ಯಾಮ್‌ಗಳು ಒಂದಿಷ್ಟು ಉರುಳುತ್ತವೆ. ಬಿಲ್ಲು ಪ್ರೆಸ್‌ನಲ್ಲಿ ಇರುವಾಗಲೇ ನಾನು ಅಳತೆ ತೆಗೆದು ರಬ್ಬರ್ ಕುಚ್ಚುಗಳನ್ನು ಕಟ್ಟಿದೆ. ಹೊರಗೆ ತೆಗೆದ ಮೇಲೆ ಮತ್ತೆ ಅಳೆಯಲಿಲ್ಲ. ಮೇಲಿನ ಕುಚ್ಚು ಕ್ಯಾಮಿಗೆ ಬೇಕಾದ್ದಕ್ಕಿಂತ ಹತ್ತಿರ ಕೂತಿತ್ತು. ನಾಲ್ಕು ಬಾಣ ಬಿಟ್ಟು ನೋಡಿದೆ, ಏನೂ ಆಗಲಿಲ್ಲ, ಸದ್ದೂ ತಗ್ಗಿತ್ತು. ಸಂತೋಷದಿಂದ ಕೊಟ್ಟು ಕಳಿಸಿದೆ.

ಎರಡು ದಿನದ ಮೇಲೆ ಮೆರೆ ಬಿಲ್ಲನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಬಂದಳು. ಮನೆಯ ಹಿಂದೆ ಅಭ್ಯಾಸ ಮಾಡುವಾಗ ಕುಚ್ಚಿನ ಒಂದು ಎಳೆ ಹೆದೆ ಓಡುವ ಕ್ಯಾಮಿನ ಕಾಲುವೆಯೊಳಗೆ ಸಿಕ್ಕಿ, ಹೆದೆ ಕಳಚಿ ಅವಳ ಮುಂಗೈಗೆ ಬಾರಿಸಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ನೇರಳೆ ಬಣ್ಣದ ಬಾಸುಂಡೆ. ಸ್ವಲ್ಪ ಮೇಲಾಗಿದ್ದರೆ ಮುಖ.

ಗ್ರಹಾಂ ಬಿಲ್ಲನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಅರ್ಥವಾಗಿತ್ತು. ಆದರೂ, ಕೆಲವೊಮ್ಮೆ ಈ ರಬ್ಬರ್ ಮಾಲೇ ಸರಿಯಿರುವುದಿಲ್ಲ, ಕಳಿಸಿದವರನ್ನು ಕೇಳುತ್ತೇನೆ ಎಂದು ಶುರುಮಾಡಿದ. ನನ್ನನ್ನು ಕಾಪಾಡುವುದೇ ಅವನ ಉದ್ದೇಶ. ಆದರೆ ಆ ಬಾಸುಂಡೆಯ ಎದುರು ನಿಂತು ಸುಮ್ಮನಿರಲು ನನ್ನಿಂದ ಆಗಲಿಲ್ಲ.

'ರಬ್ಬರ್ ಚೆನ್ನಾಗೇ ಇದೆ. ನಾನು ಕಟ್ಟಿದ ಜಾಗ ತಪ್ಪು' ಎಂದೆ. ಎಲ್ಲಿ ಅಳೆದೆ, ಎಲ್ಲಿ ಅಳೆಯಬೇಕಿತ್ತು, ಎಲ್ಲವನ್ನೂ ಬಿಲ್ಲಿನ ಮೇಲೇ ತೋರಿಸಿದೆ.

ಮೆರೆ ಕೊನೆವರೆಗೂ ಕೇಳಿಸಿಕೊಂಡಳು. ಬೈಗುಳಕ್ಕೆ ಮೈ ಬಿಗಿ ಮಾಡಿಕೊಂಡು ನಿಂತಿದ್ದೆ.

'ಹಾಗಾದ್ರೆ ನೀನೇ ಸರಿಮಾಡಿಕೊಡು. ಬೇರೆಯವರಿಗೆ ಕೊಟ್ರೆ ಅವರೂ ಒಂದ್ಸಲ ಈ ತಪ್ಪು ಮಾಡಿ ಕಲೀಬೇಕು. ನನಗೆ ಇರೋದು ಎರಡೇ ಕೈ' ಎಂದಳು.

ಹೊಸ ಹೆದೆ ಬರಲು ವಾರ ಹಿಡಿಯುತ್ತಿತ್ತು, ಅವಳು ಶನಿವಾರ ಬೇಟೆಗೆ ಹೊರಡುವವಳಿದ್ದಳು. ಗ್ರಹಾಂ ತನ್ನ ಸ್ವಂತ ಬಿಲ್ಲನ್ನು ಗೋಡೆಯಿಂದ ಇಳಿಸಿ, ಇವಳ ತೋಳಿನ ಅಳತೆಗೆ ಹೊಂದಿಸು ಎಂದು ನನ್ನ ಕೈಗೆ ಕೊಟ್ಟ. ಅಂದು ಪ್ರತಿ ಅಳತೆಯನ್ನೂ ಮೂರು ಸಲ ತೆಗೆದೆ. ಅವಳು ಹೋದ ಮೇಲೆ ಗ್ರಹಾಂ ಮಾರ್ಕರ್ ತೆಗೆದುಕೊಂಡು ಪ್ರೆಸ್ಸಿನ ಮೇಲೆ ದೊಡ್ಡ ಅಕ್ಷರದಲ್ಲಿ 'ಇಲ್ಲಿ ಅಳೆಯಬೇಡ' ಎಂದು ಬರೆದ. ಆಮೇಲೆ ಚಹಾ ಕುಡಿಯುವಾಗ, ತಾನು ಹಿಂದೊಮ್ಮೆ ಬಾಣವಿಲ್ಲದೆ ಹೆದೆ ಎಳೆದುಬಿಟ್ಟು ಗೆಳೆಯನ ಹೊಸ ಬಿಲ್ಲನ್ನು ಎರಡು ತುಂಡು ಮಾಡಿದ್ದನ್ನೂ, ಆ ಗೆಳೆಯ ಈಗ ಕ್ರಿಸ್‌ಮಸ್ಸಿಗೆ ಮಾತ್ರ ಫೋನ್ ಮಾಡುವುದನ್ನೂ ಹೇಳಿದ.

ಮೆರೆ ಆ ಶನಿವಾರ ಬರಿಗೈಯಲ್ಲಿ ಬಂದಳು. ಆದರೆ ಅಂದಿನಿಂದ ಅವಳ ಬಿಲ್ಲನ್ನು ನನ್ನ ಹೊರತು ಯಾರೂ ಮುಟ್ಟಲಿಲ್ಲ.

ಅವಳೇ ನನಗೆ ಇನ್ನೊಂದು ವಿಷಯ ಕಲಿಸಿದಳು. ನಾವೆಲ್ಲ ಬಿಲ್ಲಿನ ಪಕ್ಕದಲ್ಲಿ ನಿಂತು ಕೇಳುತ್ತಿದ್ದೆವು. ಒಮ್ಮೆ ಅವಳು, ಜಿಂಕೆ ನನ್ನ ಪಕ್ಕದಲ್ಲಿ ನಿಂತಿರುವುದಿಲ್ಲವಲ್ಲ ಎಂದಳು. ಮಾತು ಸರಿ. ಗ್ರಹಾಂ ಮತ್ತು ನಾನು ಅಭ್ಯಾಸದ ಓಣಿಯ ಕೊನೆಯಲ್ಲಿ, ಗುರಿಯಿಂದ ಆಚೆಗೆ, ರೈಲು ಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳನ್ನು ಪೇರಿಸಿ ಎದೆಮಟ್ಟದ ದಪ್ಪ ಗೋಡೆ ಕಟ್ಟಿದೆವು. ಅದರ ಹಿಂದೆ ಸ್ಟೂಲ್ ಹಾಕಿಕೊಂಡು, ತಲೆ ತಗ್ಗಿಸಿ ಕೂತು ಕೇಳುವುದು. ಅಲ್ಲಿಂದ ಕೇಳಿದರೆ ಬಿಲ್ಲು ಬೇರೆಯದೇ ವಸ್ತು. ಪಕ್ಕದಲ್ಲಿ ಜೋರಾಗಿ ಕೇಳುವ 'ಧಬ್' ಅಲ್ಲಿಗೆ ತಲುಪುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಪಕ್ಕದಲ್ಲಿ ಗಮನಕ್ಕೇ ಬಾರದ ಸಣ್ಣ 'ಟಣ್' ಮಾತ್ರ ನೇರವಾಗಿ ಬಂದು ಕಿವಿಗೆ ಚುಚ್ಚುತ್ತದೆ. ಮುಂದೆ ಫೋನುಗಳು ಚೆನ್ನಾದ ಮೇಲೆ ಅಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿ, ಸ್ಲೋ ಮೋಷನ್ನಿನಲ್ಲಿ ಹೆದೆ ಹಾವಿನಂತೆ ಹೊರಳುವುದನ್ನೂ ನೋಡಿದೆವು. ಕಂಪನಿಗಳೇ ಈಗ ಹೆದೆಯನ್ನು ತಡೆಯುವ ರಬ್ಬರ್ ಕಡ್ಡಿ ಇಟ್ಟು ಕಳಿಸುತ್ತವೆ. ಆ ಕಡ್ಡಿಗೂ ಹೆದೆಗೂ ನಡುವೆ ಒಂದು ದಪ್ಪ ಕಾಗದ ತೂರುವಷ್ಟು ಸಂದು ಇರಲಿ. ಒತ್ತಿಕೊಂಡಿದ್ದರೆ ಅದೇ ಸದ್ದು ಮಾಡುತ್ತದೆ.

ಕಾಲಿನ್ ವಿಷಯ ಹೇಳದಿದ್ದರೆ ಗ್ರಹಾಂ ನನ್ನನ್ನು ಕ್ಷಮಿಸುವುದಿಲ್ಲ.

ಕಾಲಿನ್ ಹಾಲಿನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಬೇಸಿಗೆಯಲ್ಲೂ ಕಿವಿ ಮುಚ್ಚುವ ಉಣ್ಣೆ ಟೋಪಿ. ಬಾಣ ಬಿಡಲು ಎಳೆದು ಹಿಡಿದಾಗ ಬಿಲ್ಲಿನಿಂದ ಸಣ್ಣಗೆ 'ಕುಂಯ್' ಎಂದು ಕೇಳುತ್ತದೆ ಎಂಬುದು ಅವನ ದೂರು. ನಾನು ಎಲ್ಲ ಕುಟ್ಟಿದೆ, ಬಿಗಿದೆ, ಮೇಣ ಸವರಿದೆ. ನಾನು ಎಳೆದರೆ ಸದ್ದಿಲ್ಲ. ಗ್ರಹಾಂ ಎಳೆದರೆ ಸದ್ದಿಲ್ಲ. ಕಾಲಿನ್ ಎಳೆದರೆ, 'ಈಗ ಕೇಳಿಸ್ತಾ?' ಎನ್ನುತ್ತಾನೆ. ಅವನ ಎಡಗಡೆ, ಬಿಲ್ಲಿಗೆ ಕಿವಿಯಾನಿಸುವಷ್ಟು ಹತ್ತಿರ ನಿಂತ ನನಗೆ ಏನೂ ಕೇಳಿಸುವುದಿಲ್ಲ. ಐದು ವಾರ ನಡೆಯಿತು. ಕ್ಯಾಮಿನ ಬೇರಿಂಗ್ ಬದಲಿಸಿದೆ, ಹೆದೆಯನ್ನೇ ಬದಲಿಸಿದೆ. ಕೊನೆಗೆ ನನ್ನ ಕಿವಿಯ ಮೇಲೇ ಸಂಶಯ ಬಂತು. ಕಿವಿಯನ್ನೇ ನಂಬಿ ಬದುಕುವವನಿಗೆ ಅದಕ್ಕಿಂತ ದೊಡ್ಡ ಭಯವಿಲ್ಲ. ಮನೆಯಲ್ಲಿ ಸುಜಾತಾ ಮಾತಾಡಿಸಿದಾಗ ಒಂದೆರಡು ಸಲ ಕೇಳಿಸಲಿಲ್ಲ ಎಂಬುದೂ ನೆನಪಾಯಿತು. ಅದಕ್ಕೆ ಬೇರೆ ಕಾರಣವಿದೆ ಎಂದು ಅವಳು ಹೇಳಿದಳು.

ಒಂದು ಶನಿವಾರ ನಾನು ಊಟದ ಡಬ್ಬಿ ಮರೆತಿದ್ದೆ. ಸುಜಾತಾ ತಂದುಕೊಡಲು ವರ್ಕ್‌ಶಾಪಿಗೆ ಬಂದಳು. ಕಾಲಿನ್ ಬಿಲ್ಲು ಎಳೆದು ನಿಂತಿದ್ದ. ಎಳೆದ ಕೈ ಬಲಗೆನ್ನೆಗೆ ತಾಗಿ, ಟೋಪಿಯನ್ನು ಕಿವಿಗೆ ಒತ್ತಿ ಹಿಡಿದಿತ್ತು. ಅವನ ಬಲಗಡೆ ನಿಂತಿದ್ದ ಸುಜಾತಾ ಒಂದು ಕ್ಷಣ ತಲೆ ವಾಲಿಸಿ ಕೇಳಿದಳು. ಅವನು ಬಿಲ್ಲು ಇಳಿಸುವವರೆಗೆ ಕಾದು, ಆಸ್ಪತ್ರೆಯಲ್ಲಿ ರೋಗಿಗಳನ್ನು ಕೇಳುವ ಅದೇ ದನಿಯಲ್ಲಿ, ಹಿಯರಿಂಗ್ ಏಡ್ ಹಾಕಿ ಎಷ್ಟು ದಿನವಾಯಿತು ಎಂದು ಕೇಳಿದಳು.

ಕಾಲಿನ್ ಮುಖ ಕೆಂಪಾಯಿತು. ಟೋಪಿ ತೆಗೆದ. ಬಲಗಿವಿಯಲ್ಲಿ ಹೆಸರುಕಾಳಿನಷ್ಟು ಚಿಕ್ಕ ಯಂತ್ರ. ಕೈಯೋ ಬಟ್ಟೆಯೋ ಹತ್ತಿರ ಬಂದು ಮುಚ್ಚಿದರೆ ಅದು ಕುಂಯ್‌ಗುಡುತ್ತದಂತೆ. ಬೇಟೆಯ ಗೆಳೆಯರಿಗೆ ಗೊತ್ತಾದರೆ ಜೊತೆಗೆ ಕರೆದೊಯ್ಯುವುದಿಲ್ಲವೇನೋ ಎಂದು ಆರು ತಿಂಗಳಿಂದ ಟೋಪಿಯಲ್ಲಿ ಮುಚ್ಚಿಟ್ಟಿದ್ದ. ಹೇಳಿ ಮುಗಿಸಿದವನು ಸ್ಟೂಲಿನ ಮೇಲೆ ಕೂತು ನಗತೊಡಗಿದ. ಗ್ರಹಾಂ ನಗುತ್ತ ಗೋಡೆ ಹಿಡಿದುಕೊಂಡ. ನನಗೆ ಮಾತ್ರ ಹೊಸ ಬೇರಿಂಗ್‌ಗಳ ನೆನಪಾಗಿ ನಗು ತಡವಾಗಿ ಬಂತು. ಒಂದು ತಿಂಗಳ ನಂತರ ಗ್ರಹಾಂ ತಾನೂ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದ. ಚೈನ್‌ಸಾ ಹಿಡಿದ ವರ್ಷಗಳ ಪರಿಣಾಮ ಅವನ ಎಡಗಿವಿಯಲ್ಲಿ ಕೂತಿತ್ತು. ತಾನು ಹಾಕಿಸಿಕೊಂಡ ಯಂತ್ರವನ್ನು ಅವನು ಮುಚ್ಚಿಡಲಿಲ್ಲ, ಬಂದವರಿಗೆಲ್ಲ ತೋರಿಸಿದ.

ನಿವೃತ್ತಿಗೆ ಎರಡು ತಿಂಗಳಿದ್ದಾಗ ಮೆರೆ ಒಂದು ಪ್ರಶ್ನೆ ಕೇಳಿದಳು: ಇಷ್ಟು ವರ್ಷದಲ್ಲಿ ನಿಜವಾದ ಜಿಂಕೆಯ ಎದುರು ಒಂದು ಬಿಲ್ಲನ್ನಾದರೂ ಕೇಳಿದ್ದೀಯಾ? ಕೇಳಿರಲಿಲ್ಲ. ಅವಳ ತಾಯಿಯ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಊರಿಗೆ ಊರೇ ಬರುವುದಿತ್ತು, ಆ ಊಟಕ್ಕೆ ಮಾಂಸ ತರುವುದು ಅವಳ ಪಾಲಿನ ಕೆಲಸ. ನನ್ನನ್ನೂ ಕರೆದಳು. ನಾನು ಸುಜಾತಾಳ ಮುಖ ನೋಡಿದೆ. 'ಹೋಗಿ ಬನ್ನಿ. ಸ್ವೆಟರ್ ಹಾಕ್ಕೊಳ್ಳಿ' ಎಂದಳು.

ಕೈಮಾಯಿ ಬೆಟ್ಟದ ತಪ್ಪಲಲ್ಲಿ ಮೆರೆಯ ಚಿಕ್ಕಪ್ಪನ ಹೊಲ. ಅದರ ಕೊನೆಯಲ್ಲಿ ಕಾಡು ಶುರುವಾಗುತ್ತದೆ. ಬೆಳಗು ಹರಿಯುವ ಹೊತ್ತು, ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಒಂದು ಬಿದ್ದ ಮರದ ಹಿಂದೆ ನಾವಿಬ್ಬರೂ ಕೂತೆವು. ಮುಕ್ಕಾಲು ಗಂಟೆಯಾದ ಮೇಲೆ ಒಂದು ಹೆಣ್ಣು ಜಿಂಕೆ ಅಂಚಿನಿಂದ ಹೊರಗೆ ಬಂತು. ಅದರ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಇಪ್ಪತ್ತೈದು ಹೆಜ್ಜೆ ದೂರ ಇದ್ದೀತು. ಅದು ಮೇಯತೊಡಗಿತು. ಓಡಿಹೋಗು ಎಂದು ನನ್ನೊಳಗೆ ಯಾರೋ ಹೇಳುತ್ತಿದ್ದರು, ಬಿಲ್ಲು ಮಾನ ಕಾಪಾಡಲಿ ಎಂದು ಇನ್ಯಾರೋ ಹೇಳುತ್ತಿದ್ದರು. ಇಬ್ಬರೂ ನಾನೇ.

ಮೆರೆ ನಿಧಾನವಾಗಿ ಬಿಲ್ಲೆತ್ತಿ ಎಳೆದಳು.

'ಕಿರ್ರ್.'

ಬಾಣ ಬಿಟ್ಟ ಸದ್ದಲ್ಲ. ಎಳೆಯುವ ಸದ್ದು. ಒಣಗಿದ ಚಪ್ಪಲಿ ಒತ್ತಿದಷ್ಟೇ ಸಣ್ಣದು. ಜಿಂಕೆಯ ಎರಡೂ ಕಿವಿ ನಮ್ಮ ಕಡೆ ತಿರುಗಿದವು, ಮರುಕ್ಷಣ ಅದು ಇರಲಿಲ್ಲ. ಪೊದೆಗಳು ಮಾತ್ರ ಅಲುಗಾಡುತ್ತಿದ್ದವು. ಮೆರೆ ಹೆದೆಯನ್ನು ಜೋಪಾನವಾಗಿ ಇಳಿಸಿದಳು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಹದಿನೇಳು ವರ್ಷ ನಾನು ಬಾಣ ಬಿಟ್ಟ ಮೇಲಿನ ಸದ್ದನ್ನೇ ಬೇಟೆಯಾಡಿದ್ದೆ. ಕಾಲಿನ್ ಎಳೆಯುವಾಗ ಐದು ವಾರ ಕೇಳಿಯೂ, ಅದೂ ಒಂದು ಪರೀಕ್ಷೆಯಾಗಬೇಕು ಎಂದು ತಲೆಗೆ ಹೊಳೆದಿರಲಿಲ್ಲ. ಅಲ್ಲೇ ಬಿಲ್ಲನ್ನು ತೆಗೆದುಕೊಂಡು ನೋಡಿದೆ. ಕೇಬಲ್‌ಗಳನ್ನು ಪಕ್ಕಕ್ಕೆ ಹಿಡಿದಿಡುವ ಪ್ಲಾಸ್ಟಿಕ್ ಬಿಲ್ಲೆ ಒಂದು ಸರಳಿನ ಮೇಲೆ ಜಾರುತ್ತದೆ. ಚಳಿಗೆ ಅದು ಬಿಗಿದುಕೊಂಡಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಹೀಟರ್ ಉರಿಯುತ್ತದೆ. ಅಲ್ಲಿ ಅದು ಎಂದೂ ಬಾಯಿಬಿಟ್ಟಿರಲಿಲ್ಲ.

'ಅಮ್ಮನಿಗೆ ಏನ್ ಹೇಳ್ಲಿ?' ಎಂದಳು ಮೆರೆ, ನಗುತ್ತಲೇ.

'ನನ್ನ ಹೆಸರು ಹೇಳು' ಎಂದೆ.

ಸೋಮವಾರ ಬೆಳಿಗ್ಗೆ ನಾನು ಮೆರೆಯ ಬಿಲ್ಲನ್ನೂ ಅಂಗಡಿಯ ಇನ್ನೆರಡು ಬಿಲ್ಲುಗಳನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಮೀನಿನ ಗಾಳಕ್ಕೆ ಹಾಕುವ ಸ್ಕ್ವಿಡ್ ಇಡುವ ದೊಡ್ಡ ಫ್ರೀಜರಿನಲ್ಲಿಟ್ಟೆ. ಗಿರಾಕಿಗೆ ಸ್ಕ್ವಿಡ್ ತೆಗೆದುಕೊಡಲು ಹೋದ ಗ್ರಹಾಂ ಮುಚ್ಚಳ ತೆರೆದು ನೋಡಿ, ಹಾಗೇ ಮುಚ್ಚಿದ. ನಿವೃತ್ತಿ ಹತ್ತಿರ ಬಂದಾಗ ಮನುಷ್ಯರು ಹೀಗಾಗುತ್ತಾರೆ ಎಂದುಕೊಂಡನಂತೆ. ಮಧ್ಯಾಹ್ನ ಹೊರತೆಗೆದು ಎಳೆದು ನೋಡಿದಾಗ ಮೂರರಲ್ಲಿ ಎರಡು ಕಿರ್ರೆಂದವು. ಸರಳನ್ನು ಒರೆಸಿ, ಒಣಪುಡಿಯ ಲೂಬ್ರಿಕೆಂಟ್ ಹಚ್ಚಿ, ಬಿಲ್ಲೆಗಳನ್ನು ಬದಲಿಸಿ ಮತ್ತೆ ಫ್ರೀಜರಿನಲ್ಲಿಟ್ಟೆ. ಮೂರನೆಯ ಸಲಕ್ಕೆ ಎರಡೂ ಸುಮ್ಮನಾದವು. ಎಣ್ಣೆ ಹಚ್ಚಬೇಡಿ, ಧೂಳು ಹಿಡಿದು ಮೊದಲಿಗಿಂತ ಕೆಡುತ್ತದೆ. ನಾನು ಬಿಡುವ ಹೊತ್ತಿಗೆ ಫ್ರೀಜರ್ ಪರೀಕ್ಷೆ ಅಂಗಡಿಯ ನಿಯಮವೇ ಆಗಿತ್ತು. ಬಿಲ್ಲು ವಾಪಸ್ ಒಯ್ಯುವವರು ಸ್ಕ್ವಿಡ್ ವಾಸನೆ ಎಂದು ಗೊಣಗಿದರೆ ಅದನ್ನು ಗ್ರಹಾಂ ನೋಡಿಕೊಳ್ಳುತ್ತಾನೆ.

ಮೆರೆ ಮುಂದಿನ ಶನಿವಾರ ಒಬ್ಬಳೇ ಹೋದಳು. ಭಾನುವಾರ ಬೆಳಿಗ್ಗೆ ನಾವು ದೋಸೆ ತಿನ್ನುತ್ತಿದ್ದಾಗ ಫೋನ್ ಬಂತು. ಅಮ್ಮನ ಊಟಕ್ಕೆ ಮಾಂಸ ಆಯಿತು, ನೀನೂ ಸುಜಾತಾಳೂ ಬರಬೇಕು, ನಿಮಗೆ ಕೂಮರಾ ಗೆಣಸು ಬೇರೆ ಪಾತ್ರೆಯಲ್ಲಿ ಬೇಯಿಸುತ್ತೇನೆ ಎಂದಳು. ನಾನು ಬಿಲ್ಲು ಹೇಗಿತ್ತು ಎಂದು ಕೇಳಿದೆ.

ಅವಳು ಮೆಲ್ಲಗೆ ಹೇಳಿದಳು: 'ಬಾಣ ತಾಗೋವರೆಗೂ ಅದು ಮೇಯ್ತಾನೇ ಇತ್ತು. ತಲೆ ಎತ್ತಲೇ ಇಲ್ಲ.'

ನಾನು ಫೋನ್ ಕೆಳಗಿಟ್ಟೆ. ಸುಜಾತಾ ಏನಾಯಿತೆಂದು ಕೇಳಿದಳು. ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ದೋಸೆ ಹಾಕಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ನಾನು ನಿಧಾನವಾಗಿ, ಪೂರ್ತಿ ತಿಂದೆ.